ತಂತಿ ತಲೆ ಮೇಲೇ ಹೋಯ್ತು: ಶಿವನಸಮುದ್ರದ ಒಂದು ರಾತ್ರಿ, ಕೆ.ಆರ್. ಮಾರ್ಕೆಟ್‌ನ ಒಂದು ಬೆಳಗ್ಗೆ

ಇವತ್ತು ಮೊದಲಿಗೇ ಒಂದು ತಪ್ಪೊಪ್ಪಿಗೆ. ಹಿಂದೊಂದು ಸಂಚಿಕೆಯಲ್ಲಿ ನಾನು ಶಿವನಸಮುದ್ರದ ಬಗ್ಗೆ ಮಾತಾಡ್ತಾ, ‘ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ’ ಅಂತ ಎದೆಯುಬ್ಬಿಸಿ ಹೇಳಿಬಿಟ್ಟಿದ್ದೆ. ಶಾಲೆಯಲ್ಲಿ ಹಾಗೇ ಓದಿದ್ದೆ, ಹಾಗೇ ಹೇಳಿದೆ. ಅದು ತಪ್ಪು. ಅದು ಯಾಕೆ ತಪ್ಪು ಅಂತ ಹೇಳೋದು ಎರಡು ನಿಮಿಷದ ಕೆಲಸ. ಆದರೆ ಆ ‘ಮೊದಲು’ ಅನ್ನೋ ಪದದ ಹಿಂದೆ ಏನೆಲ್ಲ ಮರೆಯಾಗಿ ಕೂತಿದೆ ಅಂತ ನನಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ಹೋದ ಜನವರಿಯಲ್ಲಿ ಮೂವರು ಗೆಳೆಯರ ಜೊತೆ ಒಂದು ರಾತ್ರಿ ಡೇರೆ ಹಾಕಿಕೊಂಡು ಮಲಗಿದ್ದಾಗ. ಮಲಗಿದ್ದಾಗ ಅನ್ನೋದೂ ಪೂರ್ತಿ ನಿಜ ಅಲ್ಲ, ಆ ರಾತ್ರಿ ಯಾರೂ ಸರಿಯಾಗಿ ಮಲಗಲಿಲ್ಲ.

ನಾವು ನಾಲ್ಕು ಜನ ಒಂದೇ ಹಾಸ್ಟೆಲ್‌ನಲ್ಲಿದ್ದವರು. ಹಾಸ್ಟೆಲ್‌ನಲ್ಲಿ ಹೆಸರು ಹಿಡಿದು ಕರೆಯೋ ಅಭ್ಯಾಸ ಇರಲಿಲ್ಲ, ಊರಿನ ಹೆಸರೇ ಹೆಸರು. ಒಬ್ಬ ಮಳವಳ್ಳಿ, ಒಬ್ಬ ಕೆಜಿಎಫ್, ಒಬ್ಬ ಬಸವನಗುಡಿ. ನಾನು ಸಾಗರ. ಇಪ್ಪತ್ತು ವರ್ಷವಾದರೂ ಫೋನಿನಲ್ಲಿ ಅದೇ ಹೆಸರುಗಳಿವೆ. ‘ನಮ್ಮ ಹೆಸರು ಹೇಳಬೇಡ ಮಾರಾಯ’ ಅಂತ ಅವರೂ ಹೇಳಿದ್ದಾರೆ, ಹಾಗಾಗಿ ಇಲ್ಲೂ ಊರಿನ ಹೆಸರಲ್ಲೇ ಕರೀತೀನಿ.

ಮಳವಳ್ಳಿ ಕೆಲಸ ಬಿಟ್ಟು ಊರಿಗೆ ಹೋಗಿ ವ್ಯವಸಾಯ ಮಾಡ್ತಿದ್ದಾನೆ. ಅವನ ಜಮೀನು ಬ್ಲಫ್‌ನಿಂದ ಆರೇಳು ಕಿಲೋಮೀಟರ್. ಬ್ಲಫ್ ಅಂದರೆ ಶಿವನಸಮುದ್ರದ ವಿದ್ಯುತ್ ಕೇಂದ್ರ ಇರೋ ಜಾಗ. ಇಂಗ್ಲಿಷ್‌ನವರು ಇಟ್ಟ ಹೆಸರು, ಈಗ ಅದು ಪಕ್ಕಾ ಮಂಡ್ಯದ ಊರಿನ ಹೆಸರೇ ಆಗಿಹೋಗಿದೆ. ಬಸ್ಸಿನಲ್ಲಿ ‘ಬ್ಲಫ್‌ಗೆ ಒಂದು ಕೊಡಿ’ ಅಂದರೆ ಟಿಕೆಟ್ ಸಿಗುತ್ತೆ.

ಪ್ಲಾನ್ ಸರಳವಾಗಿತ್ತು. ಶನಿವಾರ ಮಧ್ಯಾಹ್ನ ಜಲಪಾತ ನೋಡೋದು, ರಾತ್ರಿ ಮಳವಳ್ಳಿಯ ಹೊಲದಲ್ಲಿ ಡೇರೆ, ಭಾನುವಾರ ಬೆಂಗಳೂರು ಸುತ್ತೋದು. ಕೆಜಿಎಫ್ ಸಂಜೆ ರೈಲಿಗೆ ಮನೆಗೆ ಹೋಗಬೇಕಿತ್ತು. ಇದರಲ್ಲಿ ಇತಿಹಾಸ ಎಲ್ಲಿಂದ ಬಂತು ಅಂತೀರಾ? ದಾರಿಯಲ್ಲಿ ನನಗೆ ಹೊಳೀತು: ನಾವು ಹೋಗ್ತಿರೋ ಜಾಗ, ನಾವು ನಾಲ್ವರಲ್ಲಿ ಇಬ್ಬರ ಊರು, ಮರುದಿನ ನಾವು ನೋಡೋ ಮಾರ್ಕೆಟ್, ಇವೆಲ್ಲವನ್ನೂ ಒಂದೇ ತಂತಿ ಜೋಡಿಸಿದೆ. ನಿಜವಾದ ತಾಮ್ರದ ತಂತಿ.

ಮೊದಲು ಆ ತಂತಿಯ ಕಥೆ ಹೇಳ್ತೀನಿ.

ಕಾವೇರಿ ಶಿವನಸಮುದ್ರದ ಹತ್ತಿರ ಎರಡಾಗಿ ಒಡೆಯುತ್ತೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕಿ ಕೆಳಗೆ ಮತ್ತೆ ಸೇರ್ತವೆ. ನಡುವೆ ರಂಗನಾಥನ ದೇವಸ್ಥಾನ ಇರೋ ನಡುಗಡ್ಡೆ. 19ನೇ ಶತಮಾನದ ಕೊನೆಯಲ್ಲಿ ಗಗನಚುಕ್ಕಿಯ ಕಡೆ ಮೈಸೂರು ಸಂಸ್ಥಾನ, ಭರಚುಕ್ಕಿಯ ಕಡೆಯ ಕೊಳ್ಳೇಗಾಲ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆ. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಇತ್ತ ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಿಂದ ಕೆಲಸ ನಡೆಸುತ್ತಿತ್ತು. ಗಣಿ ಆಳಕ್ಕೆ ಹೋದಷ್ಟೂ ನೀರು ಎತ್ತಬೇಕು, ಅದಿರು ಎತ್ತಬೇಕು, ಗಾಳಿ ತಳ್ಳಬೇಕು. ಇದಕ್ಕೆಲ್ಲ ಉಗಿಯಂತ್ರ, ಅದಕ್ಕೆ ಸೌದೆ ಮತ್ತು ಕಲ್ಲಿದ್ದಲು. ಸುತ್ತಲಿನ ಕಾಡು ಕರಗುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಹೀಗಿರುವಾಗ ಜಲಪಾತದ ಶಕ್ತಿಯನ್ನೇ ತಂತಿಯಲ್ಲಿ ಗಣಿಗೆ ಕಳಿಸಿದರೆ ಹೇಗೆ ಅನ್ನೋ ಯೋಚನೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅದರ ಬೆನ್ನಿಗೆ ನಿಂತರು. ಯೋಜನೆ ರೂಪಿಸಿದವರು ರಾಯಲ್ ಎಂಜಿನಿಯರ್ಸ್‌ನ ಅಧಿಕಾರಿ, ಕೆನಡಾ ಮೂಲದ ಜೋಲಿ ಡಿ ಲೋಟ್ಬಿನಿಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪನಿಯದು. ರೈಲಿನಲ್ಲಿ ಮದ್ದೂರಿನವರೆಗೆ ಬಂದ ಸಾಮಾನನ್ನು ಅಲ್ಲಿಂದ ಎತ್ತಿನ ಗಾಡಿ, ಆನೆಗಳ ಮೇಲೆ ಸಾಗಿಸಿದರು.

ಈಗ ಒಂದು ಲೆಕ್ಕ ನೋಡಿ. 1896ರಲ್ಲಿ ನಯಾಗರಾದಿಂದ ಬಫೆಲೊ ನಗರಕ್ಕೆ ವಿದ್ಯುತ್ ಹರಿಸಿದಾಗ ಜಗತ್ತು ಬಾಯಿ ಮೇಲೆ ಬೆರಳಿಟ್ಟಿತ್ತು. ಅದು ಸುಮಾರು 40 ಕಿಲೋಮೀಟರ್. ಶಿವನಸಮುದ್ರದಿಂದ ಕೋಲಾರದ ಗಣಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಅವತ್ತಿನ ಮಟ್ಟಿಗೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1902ರ ಜೂನ್ 30ರಂದು ಗಣಿಗೆ ಕರೆಂಟ್ ಹೋಯ್ತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಸಂಸ್ಥಾನ ಆಗ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಡಳಿತದಲ್ಲಿತ್ತು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅಧಿಕಾರ ವಹಿಸಿಕೊಂಡಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಈ ಯೋಜನೆಯ ಮಾತು ಬಂದಾಗ ಮಹಾರಾಣಿಯವರ ಹೆಸರು ನಾವು ಯಾಕೋ ಮರೆತುಬಿಡ್ತೀವಿ.

ಇನ್ನು ನನ್ನ ತಪ್ಪು. ಜಪಾನಿನ ಕ್ಯೋಟೋದಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ 1891ರಲ್ಲೇ ವಿದ್ಯುತ್ ತಯಾರಾಗ್ತಿತ್ತು. ಅಷ್ಟು ದೂರ ಯಾಕೆ, ನಮ್ಮ ದೇಶದ ಡಾರ್ಜಿಲಿಂಗ್ ಹತ್ತಿರ ಸಿದ್ರಾಪೊಂಗ್‌ನಲ್ಲಿ 1897ರ ನವೆಂಬರ್‌ನಲ್ಲಿ 130 ಕಿಲೋವ್ಯಾಟ್‌ನ ಪುಟ್ಟ ಕೇಂದ್ರ ಶುರುವಾಗಿತ್ತು. ಹಾಗಾಗಿ ಶಿವನಸಮುದ್ರ ಏಷ್ಯಾಕ್ಕೂ ಮೊದಲಲ್ಲ, ಭಾರತಕ್ಕೂ ಮೊದಲಲ್ಲ. ಅದರ ಹೆಚ್ಚುಗಾರಿಕೆ ಇರೋದು ದೂರದಲ್ಲಿ. ಅಷ್ಟು ದೊಡ್ಡ ಪ್ರಮಾಣದ ಶಕ್ತಿಯನ್ನು ಹಳ್ಳಿ, ಹೊಲ, ಕುರುಚಲು ಕಾಡು ದಾಟಿಸಿ ಅಷ್ಟು ದೂರ ಒಯ್ದರಲ್ಲ, ಅದರಲ್ಲಿ.

ಕಾರಿನಲ್ಲಿ ಇಷ್ಟು ಹೇಳಿ ಮುಗಿಸಿದೆ. ಮೂವರೂ ಸುಮ್ಮನೆ ಕೇಳಿದರು. ಸುಮ್ಮನೆ ಕೇಳಿದರು ಅಂದರೆ ಒಪ್ಪಿದರು ಅಂತ ಅಂದುಕೊಂಡೆ. ಅಲ್ಲ, ಜಗಳಕ್ಕೆ ರಾತ್ರಿಯವರೆಗೆ ಕಾದಿದ್ದರು ಅಷ್ಟೆ.

ಜನವರಿ ಆದ್ದರಿಂದ ಗಗನಚುಕ್ಕಿ ಬಂಡೆ ಮೇಲೆ ಇಳಿಬಿಟ್ಟ ಬಿಳಿ ದಾರದ ಹಾಗಿತ್ತು. ಬಸವನಗುಡಿಗೆ ನಿರಾಸೆ. ‘ಇಷ್ಟೇನಾ?’ ಅಂದ. ಬೇಸಿಗೆಯ ಕಡೆ ಹೋದಂತೆ ಇರೋ ನೀರಿನಲ್ಲಿ ದೊಡ್ಡ ಪಾಲು ಮೇಲುಗಡೆಯೇ ಕಾಲುವೆಗೆ ತಿರುಗಿ ವಿದ್ಯುತ್ ಕೇಂದ್ರದ ಕೊಳವೆಗಳಿಗೆ ಹೋಗುತ್ತೆ. ಕೇಂದ್ರ ಕಣಿವೆಯ ತಳದಲ್ಲಿದೆ, ಈಗಲೂ ಓಡ್ತಿದೆ. ಸಾಮರ್ಥ್ಯ 42 ಮೆಗಾವ್ಯಾಟ್. ಒಳಗೆ ಹೋಗೋಕೆ ಅನುಮತಿ ಬೇಕು, ನಾವು ಕೇಳಿರಲಿಲ್ಲ. ಸಂಜೆ ಹೊತ್ತಿಗೆ ಹೊಲಕ್ಕೆ ಬಂದ್ವಿ.

ಡೇರೆ ಹಾಕೋದರಲ್ಲಿ ನಾವು ನಾಲ್ಕೂ ಜನ ದಡ್ಡರು. ಎರಡು ಗೂಟ ಮುರಿದವು. ಕೊನೆಗೆ ಮಳವಳ್ಳಿ ಕಬ್ಬಿನ ಜಲ್ಲೆ ತಂದು ಕಟ್ಟಿದ. ಅವನ ಅವ್ವ ಮುದ್ದೆ, ನಾಟಿಕೋಳಿ ಸಾರು ಹೊತ್ತುಕೊಂಡು ಬಂದರು. ಪಕ್ಕದ ಆಲೆಮನೆಯಿಂದ ಬಿಸಿ ಬೆಲ್ಲ ಬಂತು. ಬೆಂಕಿ ಹಾಕಿಕೊಂಡು ಕೂತ್ವಿ. ಅವ್ವ ಕೂಡ ಸ್ವಲ್ಪ ಹೊತ್ತು ಕೂತರು.

ನಾನು ಮತ್ತೆ ನನ್ನ ತಂತಿ ಕಥೆ ತೆಗೆದೆ. ಅವ್ವ ಕೇಳ್ತಾ ಕೇಳ್ತಾ ಹೇಳಿದರು: ‘ನಮ್ಮತ್ತೆ ಹೇಳೋರು ಕಣಪ್ಪ. ಅವ್ರು ಚಿಕ್ಕೋರಿದ್ದಾಗ ತಂತಿ ನಮ್ ಹೊಲದ ಮ್ಯಾಲೇ ಓಯ್ತಿತ್ತಂತೆ. ಅದ್ರ ಕೆಳಗೆ ನಿಂತ್ರೆ ಗುಯ್ ಅನ್ನದಂತೆ. ದನ ಮೇಯಿಸೋಕೆ ಓದಾಗ ಕಂಬ ಮುಟ್‌ಬ್ಯಾಡ್ರಿ ಅಂತ ಬೈಯೋರಂತೆ. ತಂತಿ ತಲೆ ಮ್ಯಾಲೇ ಓಯ್ತು, ಮನೆಗೆ ಬುಡ್ಡಿನೇ ಗತಿ.’

ಅವರ ಮನೆಗೆ ಕರೆಂಟ್ ಬಂದಿದ್ದು ಭಾಗ್ಯಜ್ಯೋತಿ ಯೋಜನೆಯಲ್ಲಿ. ಬಡವರ ಮನೆಗೆ ಒಂದೇ ಒಂದು ಬಲ್ಬು ಕೊಡುತ್ತಿದ್ದ ಯೋಜನೆ ಅದು. 1902 ಎಲ್ಲಿ, ಭಾಗ್ಯಜ್ಯೋತಿ ಎಲ್ಲಿ? ವಿದ್ಯುತ್ ಹುಟ್ಟಿದ ಜಾಗದಿಂದ ಆರೇಳು ಕಿಲೋಮೀಟರ್ ದೂರದ ಆ ಮನೆ ತಲುಪೋಕೆ ಕರೆಂಟ್‌ಗೆ ಮುಕ್ಕಾಲು ಶತಮಾನವೇ ಬೇಕಾಯ್ತು. 148 ಕಿಲೋಮೀಟರ್ ದೂರದ ಗಣಿಗೆ ಒಂದೇ ದಿನದಲ್ಲಿ ಹೋಗಿತ್ತು.

ಯಾಕೆ ಹೀಗೆ ಅನ್ನೋದಕ್ಕೆ ದೊಡ್ಡ ಪಿತೂರಿ ಹುಡುಕಬೇಕಾಗಿಲ್ಲ. ಗಣಿ ಕಂಪನಿ ಇಷ್ಟು ಶಕ್ತಿ ಕೊಳ್ತೀನಿ, ಇಷ್ಟು ದುಡ್ಡು ಕೊಡ್ತೀನಿ ಅಂತ ಮೊದಲೇ ಒಪ್ಪಂದ ಮಾಡಿಕೊಂಡಿತ್ತು. ಆ ಒಪ್ಪಂದದ ಬಲದ ಮೇಲೆ ಸಂಸ್ಥಾನ ಬಂಡವಾಳ ಹಾಕಿತು. ಕೊಳ್ಳುವವರು ಎಲ್ಲಿದ್ದರೋ ತಂತಿ ಅಲ್ಲಿಗೆ ಹೋಯ್ತು. ಹಳ್ಳಿಯವರು ಏನು ಕೊಟ್ಟು ಕೊಳ್ಳಬೇಕಿತ್ತು? ಹಳ್ಳಿಗಳಿಗೆ ವಿದ್ಯುತ್ ಅನ್ನೋ ಮಾತು ಸರ್ಕಾರದ ಮಟ್ಟದಲ್ಲಿ ಗಟ್ಟಿಯಾಗಿ ಕೇಳಿಬಂದಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಅಂದರೆ 1926ರ ಮೇಲೆ. ಮಾತು ಮನೆಯ ಬಲ್ಬಾಗೋಕೆ ಇನ್ನೂ ಎಷ್ಟೋ ಕಾಲ ಹಿಡೀತು.

ನಾನು ಶರಾವತಿ ಸೀಮೆಯವನು. ಮುಳುಗಡೆಯಾದ ಊರುಗಳ ಕಥೆ ಕೇಳಿಕೊಂಡೇ ಬೆಳೆದವನು. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು, ಊರು ಕಳೆದುಕೊಂಡವರ ಗುಡಿಸಲಲ್ಲಿ ವರ್ಷಗಟ್ಟಲೆ ಬುಡ್ಡಿ. ಹಾಗಿದ್ದೂ ನಾನು ಆ ಸಂಚಿಕೆ ಮಾಡುವಾಗ ಶಿವನಸಮುದ್ರದ ಸುತ್ತಲಿನವರನ್ನು ನೆನೆಸಿಕೊಳ್ಳಲಿಲ್ಲ. ನಮ್ಮ ಊರಿನ ನೋವು ನಮಗೆ ಗೊತ್ತಿದ್ದ ಮಾತ್ರಕ್ಕೆ ಇನ್ನೊಂದು ಊರಿನದು ಗೊತ್ತಾಗಿಬಿಡಲ್ಲ.

ಅವ್ವ ಮನೆಗೆ ಹೋದ ಮೇಲೆ ಮಾತು ಬಿಸಿಯಾಯ್ತು. ಮಳವಳ್ಳಿ ಶುರು ಮಾಡಿದ: ‘ಕರೆಂಟು ಮೊದ್ಲು ಇವ್ನೂರಿಗೆ ಓಯ್ತು, ಆಮೇಲೆ ನಿನ್ನೂರಿಗೆ ಓಯ್ತು. ನೀರೂ ನಿನ್ನೂರಿಗೇ ಓಯ್ತದೆ. ನಮ್ಗೇನ್ಲಾ? ಟೆಂಟಾ?’ ನಗ್ತಾನೇ ಹೇಳಿದ, ಆದರೆ ಅದು ನಗೋ ಮಾತಾಗಿರಲಿಲ್ಲ.

ನೀರಿನ ಮಾತು ಸುಳ್ಳಲ್ಲ. ಬೆಂಗಳೂರಿನ ಕಾವೇರಿ ಯೋಜನೆಯ ಪಂಪಿಂಗ್ ಸ್ಟೇಷನ್ ಇರೋ ತೊರೆಕಾಡನಹಳ್ಳಿ, ಎಲ್ಲರೂ ಟಿ.ಕೆ. ಹಳ್ಳಿ ಅಂತಾರಲ್ಲ, ಅದು ಮಳವಳ್ಳಿ ತಾಲ್ಲೂಕಿನದೇ. ನೀರು ಎತ್ತಿಕೊಳ್ಳೋದು ಶಿವನಸಮುದ್ರಕ್ಕಿಂತ ಸ್ವಲ್ಪ ಮೇಲೆ. 1896ರಿಂದ ಹೆಸರಘಟ್ಟದ ನೀರು ಕುಡಿಯುತ್ತಿದ್ದ ಬೆಂಗಳೂರಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಸೇರಿತು, 1974ರಲ್ಲಿ ಕಾವೇರಿ ಬಂತು. ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ, ಅದೊಂದರಲ್ಲೇ ದಿನಕ್ಕೆ 775 ದಶಲಕ್ಷ ಲೀಟರ್. ನೂರು ಕಿಲೋಮೀಟರ್ ಆಸುಪಾಸು ದೂರ, ಸುಮಾರು 500 ಮೀಟರ್ ಎತ್ತರ, ಮೂರು ಹಂತದಲ್ಲಿ ನೀರನ್ನು ಮೇಲಕ್ಕೆ ತಳ್ಳಬೇಕು. ತಳ್ಳೋಕೆ ಬೇಕಾಗಿರೋದು ಮತ್ತದೇ ಕರೆಂಟ್. ನೂರು ವರ್ಷದ ಹಿಂದೆ ಈ ನದಿ ನಗರಕ್ಕೆ ಕರೆಂಟ್ ಕಳಿಸುತ್ತಿತ್ತು. ಈಗ ನಾಡಿನ ಕರೆಂಟ್ ಇಲ್ಲಿಗೆ ಬಂದು ನದಿಯನ್ನೇ ನಗರಕ್ಕೆ ಕಳಿಸ್ತಿದೆ.

ಬಸವನಗುಡಿ ಸುಮ್ಮನಿರಲಿಲ್ಲ. ‘2024ರ ಮಾರ್ಚ್‌ನಲ್ಲಿ ನಮ್ಮಮ್ಮ ಬಕೆಟ್ ಹಿಡ್ಕೊಂಡು ಟ್ಯಾಂಕರ್ ಹಿಂದೆ ನಿಂತಿದ್ರು ಕಣೋ. ನಾನೇನು ಕಾವೇರಿ ಕದ್ದಿದೀನಾ? ಎಲ್ಲಿಂದ ಬರುತ್ತೋ ಅದನ್ನ ಕುಡೀತೀವಿ’ ಅಂದ. ಅವನದೂ ನಿಜವೇ. ಬೆಂಗಳೂರಿನಲ್ಲಿ ಬದುಕೋ ಜನ ಆಕಾಶದಿಂದ ಇಳಿದವರಲ್ಲ. ಅದರಲ್ಲಿ ಮಳವಳ್ಳಿಯ ಅಣ್ಣನೂ ಇದ್ದಾನೆ, ನಾನೂ ಇದ್ದೀನಿ.

ಇಷ್ಟು ಹೊತ್ತು ಬೆಂಕಿ ಕೆದಕ್ತಾ ಕೂತಿದ್ದ ಕೆಜಿಎಫ್ ಆಗ ಬಾಯಿ ಬಿಟ್ಟ. ಅವನ ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ದುಡಿದವರು. ತಾತ ತಮಿಳುನಾಡಿನ ಕಡೆಯಿಂದ ಬಂದವರು. ‘ನಮ್ಮೂರಿಗೆ ಕರೆಂಟ್ ಬಂತು ಅಂತೀಯಲ್ಲ, ನಮ್ಮೂರಿಗೆ ಅಲ್ಲ, ಗಣಿಗೆ ಬಂತು’ ಅಂದ. ‘ನಮ್ಮ ತಾತ ಇದ್ದಿದ್ದು ತಟ್ಟಿ ಮನೇಲಿ, ಬಿದಿರು ತಟ್ಟಿ. ಅಲ್ಲೂ ಸೀಮೆಎಣ್ಣೆ ಬುಡ್ಡಿನೇ. ಸಾಹೇಬರ ಬಂಗಲೆಯಲ್ಲಿ ದೀಪ ಉರೀತಿತ್ತು, ಅದನ್ನ ದೂರದಿಂದ ನೋಡ್ತಿದ್ರಂತೆ.’ ಆಮೇಲೆ ಸ್ವಲ್ಪ ತಡೆದು ಹೇಳಿದ: ‘ಆದ್ರೆ ನಮ್ಮ ತಾತ ಕರೆಂಟನ್ನ ಬೈಯ್ತಿರಲಿಲ್ಲ. ಕೇಜ್ ಮೇಲೆ ಬರ್ತಿದ್ದಿದ್ದು ಅದರಿಂದ. ಕೆಳಗೆ ಗಾಳಿ ಬರ್ತಿದ್ದಿದ್ದು ಅದರಿಂದ. ಬೆಳಕು ಅಂದ್ರೆ ನಿಮಗೆ ಬಲ್ಬು. ನಮಗೆ ಬೆಳಕು ಅಂದ್ರೆ ಮೇಲೆ ಬರೋದು.’

ಕೋಲಾರದ ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ, ಮೇಲಿನಿಂದ ಗಾಳಿ ತಳ್ಳದಿದ್ದರೆ ಉಸಿರಾಡೋಕೆ ಆಗಲ್ಲ. ಸುಮಾರು 120 ವರ್ಷದಲ್ಲಿ ಅಲ್ಲಿಂದ ತೆಗೆದ ಚಿನ್ನ ಸುಮಾರು 800 ಟನ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವನ ಅಪ್ಪನ ಕೊನೆಯ ಪಾಳಿ ಅದೇ ವಾರ. ಈಗ ಅಲ್ಲಿ ಉಳಿದಿರೋದು ಸೈನೈಡ್ ದಿಬ್ಬಗಳು, ಮತ್ತು ದಿನಾ ಬೆಳಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ಜನ ತುಂಬಿದ ರೈಲು.

ಈ ಗಣಿಯ ಹಸಿವು ಇಲ್ಲಿಗೇ ನಿಲ್ಲಲಿಲ್ಲ. ಬೇಸಿಗೆಯಲ್ಲಿ ನದಿ ಬತ್ತಿದರೆ ವಿದ್ಯುತ್ ಕಡಿಮೆಯಾಗುತ್ತಿತ್ತು. ವರ್ಷವಿಡೀ ಒಂದೇ ಸಮ ನೀರು ಬೇಕು, ಅಂದರೆ ಮೇಲೆ ಒಂದು ದೊಡ್ಡ ಅಣೆಕಟ್ಟು ಬೇಕು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಗೋಕೆ ನೀರಾವರಿ ಎಷ್ಟು ಕಾರಣವೋ ಶಿವನಸಮುದ್ರದ ವಿದ್ಯುತ್ ಕೂಡ ಅಷ್ಟೇ ಕಾರಣ. ಆಗ ಸಂಸ್ಥಾನದ ಚೀಫ್ ಎಂಜಿನಿಯರ್ ವಿಶ್ವೇಶ್ವರಯ್ಯ. ಮಂಡ್ಯದ ಕಬ್ಬು, ಭತ್ತ, ಬೆಲ್ಲ ಎಲ್ಲ ಆ ಅಣೆಕಟ್ಟಿನ ಕಾಲುವೆಯಿಂದಲೇ ಬಂದಿದ್ದು. ಹಾಗಾಗಿ ‘ನಮಗೇನು ಸಿಕ್ತು’ ಅನ್ನೋ ಮಳವಳ್ಳಿಯ ಪ್ರಶ್ನೆಗೆ ‘ಏನೂ ಇಲ್ಲ’ ಅಂತ ಉತ್ತರ ಕೊಟ್ಟರೆ ಅದೂ ಇತಿಹಾಸಕ್ಕೆ ಮಾಡೋ ಮೋಸವೇ. ಹಾಗಂತ ಹೇಳಿದೆ. ಅವನು ನಕ್ಕ. ‘ನಾಲೆ ಬಂದದೆ, ನೀರು ಬರಬೇಕಲ್ಲ. ನಾವು ಟೈಲ್ ಎಂಡು ಗುರು’ ಅಂದ. ಕಾಲುವೆಯ ಕೊನೇ ಭಾಗ. ಮೇಲಿನವರೆಲ್ಲ ಹಾಯಿಸಿಕೊಂಡ ಮೇಲೆ ಉಳಿದರೆ ಇವರಿಗೆ. ಅದಕ್ಕೇ ಅವನು ಬೋರ್‌ವೆಲ್ ಕೊರೆಸಿದ್ದಾನೆ.

ಹನ್ನೆರಡು ದಾಟಿತ್ತು. ಮಲಗೋಣ ಅಂತ ಡೇರೆಯೊಳಗೆ ಹೋದ್ವಿ. ಮಳವಳ್ಳಿ ಮಾತ್ರ ಹೊರಗೇ ಕೂತಿದ್ದ. ‘ತ್ರೀ ಫೇಸ್ ಬರ್ಬೇಕು’ ಅಂದ.

ಊರಲ್ಲಿ ಇರೋರಿಗೆ ಇದು ಗೊತ್ತು. ಪಂಪ್‌ಸೆಟ್ ಓಡೋಕೆ ಮೂರು ಫೇಸ್ ಕರೆಂಟ್ ಬೇಕು. ಅದು ದಿನದಲ್ಲಿ ಕೆಲವೇ ಗಂಟೆ, ಪಾಳಿಯ ಮೇಲೆ ಬರುತ್ತೆ. ಕೆಲವು ವಾರ ಹಗಲು, ಕೆಲವು ವಾರ ರಾತ್ರಿ. ಆ ವಾರ ಅವನ ಲೈನ್‌ಗೆ ರಾತ್ರಿ ಪಾಳಿ. ಹನ್ನೆರಡೂವರೆಗೆ ಬರಬೇಕಿತ್ತು, ಬಂದಿದ್ದು ಒಂದೂಕಾಲಿಗೆ. ದೂರದ ಕಂಬದಲ್ಲಿ ಒಂದು ಬಲ್ಬು ಹತ್ತಿತು, ಅದೇ ಗುರುತು. ಅವನು ಟಾರ್ಚ್, ಒಂದು ಕೋಲು ತಗೊಂಡು ಎದ್ದ. ನಾವೂ ಎದ್ವಿ. ಕಾಡಂಚಿನ ಹೊಲ, ಆನೆ ಬರೋ ದಾರಿ. ‘ನೀವ್ಯಾಕ್ರೋ ಬತ್ತೀರಾ, ಮಲಿಕ್ಕಳ್ಳಿ’ ಅಂದ. ದಿನಾ ಒಬ್ಬನೇ ಹೋಗ್ತಾನೆ.

ನಾಲ್ವರೂ ಬದುವಿನ ಮೇಲೆ ಸಾಲಾಗಿ ನಡೆದ್ವಿ. ಮಂಜು ಬಿದ್ದು ಕಾಲು ಜಾರುತ್ತಿತ್ತು. ಪೆಟ್ಟಿಗೆ ತೆಗೆದು ಹಸಿರು ಗುಂಡಿ ಒತ್ತಿದ. ಮೋಟಾರ್ ಗುಂಯ್ ಅಂತು, ಸ್ವಲ್ಪ ಹೊತ್ತಿಗೆ ಪೈಪಿನಿಂದ ನೀರು ಬಿತ್ತು. ಅವನು ಗುದ್ದಲಿ ಹಿಡಿದು ಕಬ್ಬಿನ ಸಾಲಿಗೆ ನೀರು ತಿರುಗಿಸೋಕೆ ಶುರು ಮಾಡಿದ. ಮೂರು ಗಂಟೆಗೆ ಮತ್ತೆ ಕರೆಂಟ್ ಹೋಯ್ತು. ಹೊಲ ಅರ್ಧ ನೆನೆದಿತ್ತು.

ಮೋಟಾರ್ ನಿಂತ ಮೇಲೆ ಎಲ್ಲ ಕಡೆ ಸದ್ದಿಲ್ಲ. ಆ ಸದ್ದಿಲ್ಲದ ಹೊತ್ತಲ್ಲಿ ದೂರದಲ್ಲಿ ನದಿ ಕೇಳಿಸ್ತು. ನಾವ್ಯಾರೂ ಏನೂ ಹೇಳಲಿಲ್ಲ. ಜಲವಿದ್ಯುತ್ತಿನ ಇತಿಹಾಸದ ಬಗ್ಗೆ ನಾನು ಓದಿದ್ದೆಲ್ಲ ಆಗ ನನ್ನ ಬಾಯಿಗೆ ಬರಲೇ ಇಲ್ಲ.

ಹೇಗೂ ನಿದ್ದೆ ಹೋಗಿತ್ತು. ‘ಈಗಲೇ ಹೊರಟರೆ ಮಾರ್ಕೆಟ್‌ನಲ್ಲಿ ಹೂವಿನ ಹರಾಜು ನೋಡಬಹುದು’ ಅಂತ ಬಸವನಗುಡಿ ಹೇಳಿದ. ಮೂರೂವರೆಗೆ ಡೇರೆ ಬಿಚ್ಚಿದ್ವಿ. ಹಲಗೂರು, ಸಾತನೂರು, ಕನಕಪುರ. ಕತ್ತಲಲ್ಲಿ ಕಾವೇರಿಯೂ ಕೊಳವೆಯೊಳಗೆ ನಮ್ಮ ಹಾಗೇ ಬೆಂಗಳೂರಿನ ಕಡೆ ಹೋಗ್ತಿತ್ತು. ಮಳವಳ್ಳಿ ಹಿಂದಿನ ಸೀಟಲ್ಲಿ ಕೆಸರು ಕಾಲಲ್ಲೇ ನಿದ್ದೆ ಮಾಡಿದ.

ಆರು ಗಂಟೆಗೆ ಕೆ.ಆರ್. ಮಾರ್ಕೆಟ್. ಚೆಂಡುಹೂ, ಸೇವಂತಿಗೆ, ಕನಕಾಂಬರದ ರಾಶಿ ಮೇಲೆ ಸುರಿಯೋ ಬೆಳಕು ಕಣ್ಣು ಚುಚ್ಚುತ್ತಿತ್ತು. ಈ ಜಾಗ ಹಿಂದೆ ಸಿದ್ದಿಕಟ್ಟೆ ಅನ್ನೋ ಕೆರೆ. ಮಾರ್ಕೆಟ್ ಕಟ್ಟಡ ಬಂದಿದ್ದು 1921ರಲ್ಲಿ. ಅದಕ್ಕೂ ಮೊದಲು, 1905ರ ಆಗಸ್ಟ್ 5ರಂದು, ಈ ಸುತ್ತಿನಲ್ಲೇ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹತ್ತಿತು. ಅದು ಶಿವನಸಮುದ್ರದ ಕರೆಂಟ್. ಗಣಿಗೆ ಹೋದ ಮೂರು ವರ್ಷಕ್ಕೆ ಪೇಟೆಗೆ ಬಂತು. 1908ರಲ್ಲಿ ಮೈಸೂರಿಗೂ ಹೋಯ್ತು. ರಾಜಧಾನಿಗಿಂತ ಮೊದಲು ಗಣಿಗೆ, ಅರಮನೆಗಿಂತ ಮೊದಲು ಮಾರುಕಟ್ಟೆಗೆ. ಕ್ರಮ ಗಮನಿಸಿದಿರಾ?

‘ಏಷ್ಯಾದಲ್ಲೇ ಮೊದಲು ಬೀದಿದೀಪ ಕಂಡ ನಗರ’ ಅನ್ನೋದನ್ನೂ ಬೆಂಗಳೂರಿಗೆ ಹಚ್ಚುತ್ತಾರೆ. ಅದೂ ಸರಿಯಲ್ಲ. ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿಸಿ ತೋರಿಸಿದ್ದರು, ಕಲ್ಕತ್ತಾದಲ್ಲಿ 1899ರಲ್ಲಿ ಕಂಪನಿಯೊಂದು ವಿದ್ಯುತ್ ಪೂರೈಕೆ ಶುರು ಮಾಡಿತ್ತು. ಈ ‘ಮೊದಲು’ ಅನ್ನೋ ಚಟ ನಮ್ಮನ್ನ ಬಿಡೋದೇ ಇಲ್ಲ. ಯಾರು ಮೊದಲು ಅಂತ ಕೇಳೋದರಲ್ಲೇ ನಾವು ಮುಳುಗಿರ್ತೀವಿ. ಯಾರು ಕೊನೆ ಅಂತ ಕೇಳಲ್ಲ.

ಇಡ್ಲಿ, ಕಾಫಿ ಆದ ಮೇಲೆ ಕಬ್ಬನ್ ಪಾರ್ಕ್‌ಗೆ ಹೋದ್ವಿ. ಕೆಂಪು ಬಣ್ಣದ ಸೆಂಟ್ರಲ್ ಲೈಬ್ರರಿ ಮುಂದೆ ಶೇಷಾದ್ರಿ ಅಯ್ಯರ್ ಪ್ರತಿಮೆ ಇದೆಯಲ್ಲ, ಅದನ್ನು ನಿಲ್ಲಿಸಿದ್ದು 1913ರಲ್ಲಿ, ಅನಾವರಣ ಮಾಡಿದವರು ವೈಸರಾಯ್ ಹಾರ್ಡಿಂಜ್. ಹೆಸರಘಟ್ಟದ ನೀರು, ಶಿವನಸಮುದ್ರದ ಕರೆಂಟ್, ಎರಡೂ ಇವರ ಕಾಲದ ಯೋಜನೆಗಳು. 18 ವರ್ಷ ದಿವಾನರಾಗಿದ್ದರು. ಬೆಂಗಳೂರಿನ ನಲ್ಲಿ, ಸ್ವಿಚ್ಚು ಎರಡಕ್ಕೂ ಇವರ ಋಣವಿದೆ. ಅದನ್ನು ಅಲ್ಲಗಳೆಯೋ ಮಾತೇ ಇಲ್ಲ.

ಮಳವಳ್ಳಿ ಪ್ರತಿಮೆಯನ್ನು ಸುಮಾರು ಹೊತ್ತು ನೋಡಿದ. ಏನಾದರೂ ಚುಚ್ಚುಮಾತು ಬರುತ್ತೆ ಅಂತ ನಾವು ಕಾದ್ವಿ. ಅಷ್ಟರಲ್ಲಿ ಅವನ ಫೋನ್ ಬಂತು. ಅವ್ವ. ‘ತ್ರೀ ಫೇಸ್ ಬಂತಂತೆ’ ಅಂದ. ಹಗಲು ಹೊತ್ತಲ್ಲಿ, ಹೇಳದೆ ಕೇಳದೆ ಬಂದಿತ್ತು. ಉಳಿದರ್ಧ ಹೊಲಕ್ಕೆ ನೀರು ಕಟ್ಟೋಕೆ ಅವನಿಲ್ಲ. ನಮ್ಮ ಜೊತೆ ಬೆಂಗಳೂರಲ್ಲಿದ್ದ. ‘ನೀನೇ ಗುಂಡಿ ಒತ್ತವ್ವ, ಹುಷಾರು, ಕೈ ಒದ್ದೆ ಇರ್ಬಾರ್ದು. ಕೋಲು ತಕ್ಕೋ’ ಅಂತ ಮೂರು ಸಲ ಹೇಳಿದ. ಅವ್ವನಿಗೆ ಅರವತ್ತೆಂಟು ವರ್ಷ. ಮತ್ತೆ ಫೋನ್ ಬಂದು ‘ನೀರು ಬಿತ್ತು’ ಅಂತ ಹೇಳುವವರೆಗೆ ನಾವು ನಾಲ್ಕೂ ಜನ ಆ ಪ್ರತಿಮೆಯ ನೆರಳಲ್ಲಿ ನಿಂತೇ ಇದ್ವಿ. ಬಸವನಗುಡಿ ಅವನ ಹೆಗಲ ಮೇಲೆ ಕೈ ಹಾಕಿದ್ದ. ರಾತ್ರಿಯ ಜಗಳ ಅಲ್ಲಿಗೆ ಮುಗೀತು ಅಂತಲ್ಲ. ಅದು ಮುಗಿಯೋ ಜಗಳ ಅಲ್ಲ. ಆದರೆ ಆಮೇಲೆ ಅದನ್ನು ಬೇರೆ ಥರ ಆಡಿದ್ವಿ.

ಸಂಜೆ ಕೆಜಿಎಫ್‌ನನ್ನ ರೈಲು ಹತ್ತಿಸಿದ್ವಿ. ಮಾರಿಕುಪ್ಪಂ ರೈಲು. ಗಣಿಗೋಸ್ಕರ 1894ರಲ್ಲಿ ಹಾಕಿದ ದಾರಿ. ಆಗ ಆ ದಾರಿಯಲ್ಲಿ ಗಣಿಯ ಯಂತ್ರಗಳು ಹೋಗ್ತಿದ್ದವು, ಈಗ ಗಣಿ ಕಳೆದುಕೊಂಡ ಊರಿನ ಜನ ಬೆಂಗಳೂರಿಗೆ ಬಂದು ಹೋಗ್ತಾರೆ. ಕಿಟಕಿಯಿಂದ ಕೆಜಿಎಫ್ ಕೂಗಿ ಹೇಳಿದ: ‘ಸಾಗರ, ನಿನ್ನ ಪಾಡ್‌ಕಾಸ್ಟ್‌ನಲ್ಲಿ ಸರಿಯಾಗಿ ಹೇಳೋ.’

ಅದಕ್ಕೇ ಈ ಸಂಚಿಕೆ. ನನ್ನ ಹಳೇ ವಾಕ್ಯವನ್ನು ಹಿಂದಕ್ಕೆ ತಗೊಳ್ತೀನಿ. ಅದರ ಜಾಗದಲ್ಲಿ ಇದನ್ನ ಇಟ್ಟುಕೊಳ್ಳಿ: 1902ರಲ್ಲಿ ಶಿವನಸಮುದ್ರದಿಂದ ಹೊರಟ ಕರೆಂಟ್ 148 ಕಿಲೋಮೀಟರ್ ದೂರದ ಚಿನ್ನದ ಗಣಿಗೆ ಮೊದಲು ಹೋಯ್ತು, 1905ರಲ್ಲಿ ಬೆಂಗಳೂರಿಗೆ ಹೋಯ್ತು, 1908ರಲ್ಲಿ ಮೈಸೂರಿಗೆ ಹೋಯ್ತು, ಮತ್ತು ಆರೇಳು ಕಿಲೋಮೀಟರ್ ದೂರದ ಒಂದು ಹೊಲಕ್ಕೆ ಇವತ್ತಿಗೂ ರಾತ್ರಿ ಒಂದೂಕಾಲಿಗೆ ಬರುತ್ತೆ.

ನಿಮ್ಮ ಊರಿನ ಮೇಲೆ ಹಾದುಹೋದ ತಂತಿ, ಪೈಪು, ಕಾಲುವೆ ಯಾವುದಾದರೂ ಇದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದು ಫಲಕದಲ್ಲಿ ಬರೆದಿರುತ್ತೆ. ಯಾರ ತಲೆ ಮೇಲೆ ಹೋಯ್ತು ಅನ್ನೋದು ಅವರಿಗಷ್ಟೇ ಗೊತ್ತಿರುತ್ತೆ.